ಸಿಂಗಾರವೇಲು ಭಾವನ ಒಣಬಾಯಿ

ನಾನು ತವಿಲು, ಅಂದರೆ ನಾದಸ್ವರದ ಜೊತೆಯ ಡೋಲು, ಬಾರಿಸುವವನು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕುತ್ತಾಲಂನಿಂದ ಮಾಯವರಂವರೆಗೆ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ. ಸಿಟ್ಟಿಲ್ಲದವನು ತವಿಲು ಮುಟ್ಟಿದರೆ ಹಪ್ಪಳ ತಟ್ಟಿದಂತಿರುತ್ತದೆ. ಆದರೆ ಇದು ನನ್ನ ಕತೆಯಲ್ಲ, ನನ್ನ ಅಕ್ಕ ಶೆಂಬಗಂ ಇದ್ದಾಳಲ್ಲ, ಅವಳ ಗಂಡ ಸಿಂಗಾರವೇಲುವಿನದು. ಅವನಂಥ ನಾದಸ್ವರ ನಾನು ಕೇಳಿಲ್ಲ. ಅವನಂಥ ಪುಕ್ಕಲನನ್ನೂ ಕಂಡಿಲ್ಲ.

ನಮ್ಮದು ಮೇಳದ ಮನೆ. ನಮ್ಮಪ್ಪ ಪಕ್ಕಿರಿಸಾಮಿ ಪಿಳ್ಳೆ ಊದಿದರೆ ಬೀದಿಯ ನಾಯಿಗಳೂ ಬಾಲ ಮುದುರಿ ಕೂತು ಕೇಳುತ್ತಿದ್ದವು. ಸಿಂಗಾರವೇಲು ಚಿಕ್ಕಂದಿನಲ್ಲೇ ಪಾಠಕ್ಕೆಂದು ನಮ್ಮ ಮನೆಗೆ ಬಂದ. ಅಲ್ಲೇ ಉಂಡ, ಅಲ್ಲೇ ಬೆಳೆದ, ಕೊನೆಗೆ ಅಕ್ಕನನ್ನೇ ಕಟ್ಟಿಕೊಂಡು ಅಲ್ಲೇ ಉಳಿದ. ನಾನೂ ಅವನೂ ಒಂದೇ ವಾರಗೆ, ಅದಕ್ಕೇ ನಮ್ಮಿಬ್ಬರ ನಡುವೆ ಬಹುವಚನ ಇಲ್ಲ. ಬೆಳಗಿನ ಹೊತ್ತು ಹಿತ್ತಿಲ ಬಾವಿಕಟ್ಟೆಯ ಮೇಲೆ ಕೂತು ಅವನು ಕಲ್ಯಾಣಿ ನುಡಿಸಿದರೆ ಅಪ್ಪನೇ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿಬಿಡುತ್ತಿದ್ದರು. ಅದೇ ಕಲ್ಯಾಣಿಯನ್ನು ನಾಲ್ಕು ಜನರ ಮುಂದೆ ನುಡಿಸಪ್ಪಾ ಅಂದರೆ ಮುಗಿಯಿತು, ಹುಡುಗ ಕೆಟ್ಟ.

ಮೊದಲು ಒಂದಕ್ಕೆ ಅವಸರವಾಗುತ್ತಿತ್ತು. ಆಮೇಲೆ ಬೆರಳ ತುದಿಯಲ್ಲಿ ಬೆವರು, ಮೊಣಕಾಲಲ್ಲಿ ನಡುಕ. ಇವಕ್ಕೆಲ್ಲ ಅವನೇ ಒಂದೊಂದು ಉಪಾಯ ಮಾಡಿಕೊಂಡಿದ್ದ. ಸೊಂಟದಲ್ಲಿ ವಿಭೂತಿಯ ಪುಟ್ಟ ಗಂಟು ಇಟ್ಟುಕೊಂಡು ಬೆರಳಿಗೆ ಸವರಿಕೊಳ್ಳುತ್ತಿದ್ದ, ಬೆವರು ಇಂಗುತ್ತಿತ್ತು. ನೋಡಿದವರು ಎಂಥ ಭಕ್ತ ಅಂದುಕೊಳ್ಳುತ್ತಿದ್ದರು. ಮೊಣಕಾಲಿಗೆ ಅಂಗವಸ್ತ್ರವನ್ನು ಬಿಗಿಯಾಗಿ ಸುತ್ತಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. ಯಾವ ಮದುವೆ ಮನೆಗೆ ಹೋದರೂ ಮೊದಲು "ಬಚ್ಚಲು ಎಲ್ಲಿದೆ" ಎಂದು ಕೇಳುತ್ತಿದ್ದ. ಪಾಪ, ಸಕ್ಕರೆ ಕಾಯಿಲೆ ಇರಬೇಕು ಎಂದು ಅವನಿಗೊಬ್ಬನಿಗೇ ಸಪ್ಪೆ ಕಾಫಿ ಕೊಡುತ್ತಿದ್ದರು. ಅದನ್ನೂ ಮಾತಾಡದೆ ಕುಡಿಯುತ್ತಿದ್ದ.

ಉಪಾಯವಿಲ್ಲದ್ದು ಬಾಯಿಗೆ ಮಾತ್ರ. ನಾದಸ್ವರದ ತುದಿಗೆ ಸಿಕ್ಕಿಸುವ ಪೀಪಿ ಇದೆಯಲ್ಲ, ನಮ್ಮವರು ಸೀವಾಳಿ ಅನ್ನುತ್ತಾರೆ, ಅದು ಜೊಂಡಿನದು. ಬಾಯಿಯ ಪಸೆಯಲ್ಲಿ ನೆನೆದರೇ ಅದಕ್ಕೆ ಜೀವ. ಭಾವನಿಗೆ ಹೆದರಿಕೆ ಬಂತೋ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಬಾಯಿ ಕಡು ಬೇಸಗೆಯ ಕೆರೆಯಾಗುತ್ತಿತ್ತು. ಸೀವಾಳಿ ಒಣಗುತ್ತಿತ್ತು, ತುಟಿ ಅದುರುತ್ತಿತ್ತು, ಸ್ವರದ ಬದಲು ಬರೀ ಗಾಳಿ ಬರುತ್ತಿತ್ತು.

ಅಪ್ಪ ಊದುವ ತನಕ ಇದು ಹೊರಗೆ ಬೀಳಲಿಲ್ಲ. ಅವರು ಮುಂದಾಳು, ಭಾವ ಜೊತೆಗಾರ. ಬಾಯಿ ಒಣಗಿದ ದಿನ ಸುಮ್ಮನೆ ಕೆನ್ನೆ ಉಬ್ಬಿಸಿಕೊಂಡು ಬೆರಳಾಡಿಸುತ್ತಿದ್ದ. ಎರಡು ನಾದಸ್ವರ ಒಟ್ಟಿಗಿದ್ದರೆ ಯಾರ ಸ್ವರ ಯಾವುದು ಎಂದು ಯಾರು ಹುಡುಕುತ್ತಾರೆ? ಹಾಗೆಯೇ ಕಾಲ ಹಾಕಬಹುದಿತ್ತು. ಆದರೆ ಅಪ್ಪ ಪುಷ್ಕರಣಿಯ ಮೆಟ್ಟಿಲ ಪಾಚಿಯ ಮೇಲೆ ಜಾರಿ ಮುಖ ಅಡಿಯಾಗಿ ಬಿದ್ದರು. ಜೀವಕ್ಕೆ ಏನೂ ಆಗಲಿಲ್ಲ, ಮುಂದಿನ ಹಲ್ಲು ಹೋದವು. ನಾದಸ್ವರದವನಿಗೆ ಮುಂದಿನ ಹಲ್ಲು ಹೋಗುವುದೂ ತವಿಲಿನವನಿಗೆ ಕೈ ಹೋಗುವುದೂ ಒಂದೇ. ಕಟ್ಟಿಸಿದ ಹಲ್ಲು ಹಾಕಿಕೊಂಡು ಗುಡಿಯಲ್ಲಿ ಒಂದು ಸಲ ಊದಿ ನೋಡಿದರು. ಸೀವಾಳಿಯ ಜೊತೆಗೆ ಹಲ್ಲಿನ ಸೆಟ್ಟೂ ಈಚೆ ಬಂದು ಪೂಜಾರಿಯ ತಟ್ಟೆಗೆ ಬಿತ್ತು. ಅವತ್ತೇ ಅಪ್ಪ ವಾದ್ಯ ಕೆಳಗಿಟ್ಟರು.

"ವೈಕಾಸಿ ತಿಂಗಳ ತುಂಬ ಮುಹೂರ್ತ ಇದೆ. ಕಡಲೆ ಬಂದಾಗ ಹಲ್ಲು ಹೋಯ್ತು ನೋಡು," ಎಂದು ನಕ್ಕರು. ನಗುವಾಗ ಕಣ್ಣು ಒದ್ದೆಯಾಗಿತ್ತು. "ಸಿಂಗಾರಂ, ಇನ್ನು ನೀನೇ ಮುಂದೆ ಕೂರಬೇಕು."

ಭಾವ ಎದ್ದು ಬಚ್ಚಲಿಗೆ ಹೋದ.

ಅವನು ಮುಂದಾಳಾಗಿ ಕೂತ ಮೊದಲ ಸಲ ನಮ್ಮದೇ ಬೀದಿಯಲ್ಲಿ ಒಂದು ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ. ಎಲ್ಲ ಗುರುತಿನ ಜನ. ಅಕ್ಕಸಾಲಿ ಸೂಜಿ ಎತ್ತಿದ, ಭಾವ ಸೀವಾಳಿ ಬಾಯಿಗಿಟ್ಟ. ಪುಸ್! ಇನ್ನೊಂದು ಸಲ. ಪುಸ್! ಅಳಬೇಕಾದ ಮಗು ನಗುವುದಕ್ಕೆ ಶುರುಮಾಡಿತು. ಮೂಲೆಯಲ್ಲಿದ್ದ ಅಜ್ಜಿಯೊಬ್ಬಳು, "ಯಾರೋ ಅದು ಸೈಕಲ್ಲಿಗೆ ಗಾಳಿ ಹೊಡೀತಿರೋದು?" ಅಂದಳು. ಅಷ್ಟು ಸಾಕಾಯಿತು. ಮಾರನೆಯ ದಿನದಿಂದ ಊರಲ್ಲಿ ಭಾವನ ಹೆಸರು ಸೈಕಲ್ ಪಂಪು.

ನಾನು ಆ ಹೆಸರು ಹಿಡಿದು ಕರೆದ ಇಬ್ಬರಿಗೆ ಬಾರಿಸಿದೆ. ಅದರಿಂದ ಭಾವನ ಬಾಯಿ ಒದ್ದೆಯಾಗಲಿಲ್ಲ.

ಅಕ್ಕ ತಲೆ ಚಚ್ಚಿಕೊಂಡಳು. "ಅಲ್ಲಾ ಕಣ್ರೀ, ಮನೇಲಿ ಇಷ್ಟು ಚೆನ್ನಾಗಿ ಊದ್ತೀರಲ್ಲ, ಅಲ್ಲೇನು ಹುಲಿ ಕೂತಿರತ್ತಾ?"

"ಹುಲಿ ಆದ್ರೆ ಪರವಾಗಿಲ್ಲ ಶೆಂಬಗಂ," ಅಂದ ಭಾವ. "ಹುಲಿ ತಲೆ ಆಡಿಸಿಕೊಂಡು 'ಏನೋ, ಸುಮಾರು' ಅನ್ನಲ್ಲ."

ಮದ್ದು ಹೇಳುವವರಿಗೇನು ಬರ? ಊರೆಲ್ಲ ವೈದ್ಯರೇ. ನೀರು ಕುಡಿ ಅಂದರು, ಕುಡಿದ. ಹೊಟ್ಟೆ ನೀರಿನ ಬಿಂದಿಗೆಯಂತೆ ಕುಲುಕಾಡಿತು, ಬಾಯಿ ಹಾಗೇ ಇತ್ತು. ಕಲ್ಲುಸಕ್ಕರೆ ಚೀಪು ಅಂದರು. ಸೀವಾಳಿಗೆ ಇರುವೆ ಮುತ್ತಿತು. ಎಲೆಯಡಿಕೆ ಹಾಕಿಕೊಳ್ಳಲು ಹೋಗಿ ಸುಣ್ಣ ಹೆಚ್ಚಾಗಿ ನಾಲಿಗೆ ಸುಟ್ಟುಕೊಂಡ. ಮಾಯವರಂನ ಡಾಕ್ಟರೊಬ್ಬರು, ಭಯವಾದಾಗ ನಿಧಾನವಾಗಿ ಉಸಿರು ಬಿಡುವುದನ್ನು ಅಭ್ಯಾಸ ಮಾಡಿ ಅಂದರಂತೆ. ಅಪ್ಪನಿಗೆ ಕೋಪ ನೆತ್ತಿಗೇರಿತು. "ನಾದಸ್ವರದವನಿಗೆ ಉಸಿರು ಬಿಡೋದು ಹೇಳ್ಕೊಡ್ತಾನಾ? ಮೀನಿಗೆ ಈಜು ಕಲಿಸೋಕೆ ಬಂದ!" ಡಾಕ್ಟರ ಮಾತಿನಿಂದ ಎದೆಬಡಿತವೇನೋ ಸ್ವಲ್ಪ ತಗ್ಗಿತು, ಸುಳ್ಳು ಯಾಕೆ ಹೇಳಲಿ. ಆದರೆ ಬಾಯಿ? ಬಾಯಿ ಮಾತ್ರ ಯಾರ ಮಾತೂ ಕೇಳಲಿಲ್ಲ.

ಹೀಗಿರುವಾಗ ಅಕ್ಕಿ ಮಿಲ್ಲಿನ ಸಾಂಬಶಿವಂ ಮನೆಗೆ ಬಂದರು. ಮಗಳ ಮದುವೆ. ಬೀಗರು ಕುಂಭಕೋಣದವರು. ಅಲ್ಲಿಂದ ದೊಡ್ಡ ಹೆಸರಿನ ಮೇಳ ತರುತ್ತೇವೆ ಎಂದು ಗಂಡಿನ ಸೋದರಮಾವ ಹಟ ಹಿಡಿದಿದ್ದನಂತೆ. ಸಾಂಬಶಿವಂ ಒಪ್ಪಲಿಲ್ಲ.

"ನನ್ನ ಮದುವೆಗೂ ನೀವೇ ಊದಿದ್ದು, ನಮ್ಮಪ್ಪನ ಮದುವೆಗೂ ನಿಮ್ಮಪ್ಪಾನೇ ಊದಿದ್ದು. ನಿಮ್ಮ ಮನೆ ಮೇಳ ಇಲ್ದೆ ನಮ್ಮನೇಲಿ ತಾಳಿ ಕಟ್ಟಿಲ್ಲ ಪಿಳ್ಳೆಯವರೇ. ನಿಮ್ಮಳಿಯ ಊದ್ತಾನೆ. ಗಟ್ಟಿಮೇಳ ಒಂದು ಸರಿಯಾಗಿ ಎದ್ದುಬಿಟ್ರೆ ಸಾಕು, ಬೇರೆ ಏನು ತಪ್ಪಿದ್ರೂ ನಾನು ಕೇಳಲ್ಲ."

ಅವರು ಒಳ್ಳೆಯ ಮಾತೇ ಆಡಿದರು. ಆದರೆ ಆ ಗಟ್ಟಿಮೇಳವೇ ತಾನೇ ಗಂಟಲಲ್ಲಿ ಸಿಕ್ಕ ಮುಳ್ಳು! ತಾಳಿ ಕಟ್ಟುವ ಗಳಿಗೆಯಲ್ಲಿ ಯಾರ ಸೀನೂ ಯಾರ ಅಳುವೂ ಕೇಳಬಾರದು. ಆಗ ನಾದಸ್ವರ ಏಳಲಿಲ್ಲವೆಂದರೆ, ನಾನು ತವಿಲನ್ನು ಹರಿದುಹೋಗುವಂತೆ ಬಾರಿಸಿದರೂ, ಅಪಶಕುನ ಅಂದೇ ಅನ್ನುತ್ತಾರೆ. ಆಮೇಲೆ ಆ ಮನೆಯಲ್ಲಿ ಮಗುವಿಗೆ ನೆಗಡಿಯಾದರೂ ಮೇಳದವನನ್ನೇ ಬೈಯುತ್ತಾರೆ.

ಸಾಂಬಶಿವಂ ಹೋದ ಮೇಲೆ ಭಾವ ನೆಟ್ಟಗೆ ಅಪ್ಪನ ಎದುರು ಬಂದು ನಿಂತ. "ಮಾವ, ಇದೇ ಕಡೇದು. ಅವತ್ತು ಗಟ್ಟಿಮೇಳಕ್ಕೆ ಸ್ವರ ಬರಲಿಲ್ಲ ಅಂದ್ರೆ ನಾನು ವಾದ್ಯ ಅಟ್ಟಕ್ಕೆ ಹಾಕ್ತೀನಿ. ತಿರುಪ್ಪೂರಲ್ಲಿ ಬನಿಯನ್ ಕಂಪನಿಗೆ ಕರೀತಿದಾರೆ, ಹೋಗ್ತೀನಿ. ನಿಮ್ಮ ಮನೆ ಹೆಸರು ಇನ್ನೂ ಹಾಳುಮಾಡಲ್ಲ."

ಅಕ್ಕ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಎತ್ತೆತ್ತಿ ಕುಕ್ಕಿದಳು. ನನಗೂ ಗೊತ್ತಿತ್ತು, ಭಾವ ಹೋದರೆ ಮೇಳ ಹೋಯಿತು. ನಾದಸ್ವರವಿಲ್ಲದ ತವಿಲನ್ನು ಯಾರು ಕರೆಯುತ್ತಾರೆ? ಆದರೆ ನನ್ನ ಹೊಟ್ಟೆಪಾಡಿಗಿಂತ ಹೆಚ್ಚಾಗಿ ಸಂಕಟವಾದದ್ದು ಆ ಬಾವಿಕಟ್ಟೆಯ ಕಲ್ಯಾಣಿಯನ್ನು ನೆನೆದು. ಅಂಥ ಕೈ ಬನಿಯನ್ನಿಗೆ ಅಂಚು ಹೊಲಿಯಬೇಕೇ?

ಮದುವೆಯ ದಿನ ಬೆಳಗ್ಗೆ ಛತ್ರ ಗಿಜಿಗಿಜಿ ಅನ್ನುತ್ತಿತ್ತು. ಭಾವ ಬಚ್ಚಲಿಗೆ ಹೋಗಿ ಬಂದ, ವಿಭೂತಿ ಸವರಿಕೊಂಡ, ಮೊಣಕಾಲು ಬಿಗಿದುಕೊಂಡ, ಡಾಕ್ಟರು ಹೇಳಿದಂತೆ ಉಸಿರು ಬಿಟ್ಟ. ಮುಖ ನೋಡಿದರೆ ನೇಣಿಗೆ ಹೊರಟವನ ಕಳೆ. ಅಪ್ಪ ಕಂಬಕ್ಕೆ ಒರಗಿ ಕೂತಿದ್ದರು. ನಾನು ಬೆರಳಿಗೆ ಕವಚ ಹಾಕಿಕೊಂಡು, ಕೋಲು ಹಿಡಿದು, "ಶುರು ಮಾಡು ಭಾವ, ನಾನಿದೀನಿ" ಅಂದೆ.

ಅವನು ಶುರು ಮಾಡಿದ. ಮೊದಲ ಸ್ವರ ಒಡೆಯಿತು. ಎರಡನೆಯದರಲ್ಲಿ ಅರ್ಧ ಸ್ವರ, ಅರ್ಧ ಗಾಳಿ. ನಾನು ತವಿಲನ್ನು ಜೋರಾಗಿ ಬಾರಿಸಿ ಅದರ ಮೇಲೆ ಮುಸುಕು ಹಾಕಿದೆ. ಎಷ್ಟು ಹೊತ್ತು ಮುಚ್ಚಲಾದೀತು? ಮುಂದಿನ ಸಾಲಿನ ತಲೆಗಳು ಒಂದೊಂದಾಗಿ ನಮ್ಮ ಕಡೆ ತಿರುಗಿದವು.

ಆಗ ಬಂದ ನೋಡಿ, ಗಂಡಿನ ಸೋದರಮಾವ ಕಲಿಯಪೆರುಮಾಳ್. ಕುಂಭಕೋಣದಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ, ಕೊರಳಲ್ಲಿ ನಾಯಿಗೆ ಕಟ್ಟಬಹುದಾದಷ್ಟು ದಪ್ಪ ಚಿನ್ನದ ಸರ. ನಮ್ಮ ವೇದಿಕೆಯ ಎದುರಿಗೇ ಕುರ್ಚಿ ಎಳೆದುಕೊಂಡು ಕಾಲ ಮೇಲೆ ಕಾಲು ಹಾಕಿ ಕೂತ.

"ಏನಪ್ಪಾ, ಇದು ಯಾವ ರಾಗ? ಪಂಕ್ಚರ್ ರಾಗಾನಾ?"

ಅವನ ಸುತ್ತ ಇದ್ದವರು ಹೋ ಎಂದು ನಕ್ಕರು. ನಮ್ಮ ಮೇಳ ಅಂಚಿನ ಮೇಲೆ ನಿಂತಿದೆ, ಬೆರಳಲ್ಲಿ ನೂಕಿದರೆ ಬೀಳುತ್ತದೆ ಎಂದು ಅವನಿಗೆ ಹೊಳೆದಿರಬೇಕು. ತನ್ನ ಹಿರಿಮಗಳ ಗಂಡನನ್ನು ಕರೆದು ಕಿವಿಯಲ್ಲಿ ಏನೋ ಅಂದ. ಅಳಿಯ ಅಡುಗೆಯ ಕಡೆ ಓಡಿ ಒಂದು ಬಾಳೆಲೆಯ ಚೂರನ್ನು ತಂದುಕೊಟ್ಟ. ನೋಡುತ್ತೇನೆ, ಪಚಡಿಗೆಂದು ಹೆಚ್ಚಿಟ್ಟಿದ್ದ ಹುಳಿ ಮಾವಿನಕಾಯಿ ಹೋಳು, ಮೇಲೆ ಉಪ್ಪು ಖಾರದ ಪುಡಿ.

ನನ್ನ ರಕ್ತ ಕುದಿಯಿತು. ಮೇಳದವರನ್ನು ಕೆಡಿಸಲು ಕಾವೇರಿ ಕಡೆಯ ಜನ ಕಂಡುಹಿಡಿದ ಹಳೆಯ ಕಿತಾಪತಿ ಇದು. ಊದುವವನ ಕಣ್ಣೆದುರಿಗೆ ಕೂತು ಹುಳಿ ತಿನ್ನುವುದು. ನೋಡಿದವನು ಮುನಿಯಾದರೂ ಬಾಯಲ್ಲಿ ನೀರೂರುತ್ತದೆ. ನುಂಗಿದರೆ ಉಸಿರು ಕಡಿಯುತ್ತದೆ, ನುಂಗದಿದ್ದರೆ ಉಗುಳು ಸೀವಾಳಿಯೊಳಗೆ ಇಳಿದು ನಾದಸ್ವರ ಹುಕ್ಕದಂತೆ ಬುಳುಬುಳು ಅನ್ನುತ್ತದೆ. ಎಂಥೆಂಥ ವಿದ್ವಾಂಸರು ಇದಕ್ಕೆ ಸೋತು ವೇದಿಕೆ ಇಳಿದಿದ್ದಾರೆ. ಮೇಳದವನ ಎದುರು ಹುಳಿ ತಿನ್ನುವುದೂ ಮುಖಕ್ಕೆ ಉಗುಳುವುದೂ ನಮ್ಮಲ್ಲಿ ಒಂದೇ ಲೆಕ್ಕ.

ಕಟುಕ್! ಕಲಿಯಪೆರುಮಾಳ್ ಒಂದು ಹೋಳು ಕಚ್ಚಿದ. "ಸ್ಸ್ಸ್... ಹಾ!" ಎಂದು ಕಣ್ಣು ಕಿರಿದು ಮಾಡಿ ನಾಲಿಗೆ ಲೊಚಗುಟ್ಟಿದ. ನನ್ನ ಬಾಯಲ್ಲೇ ನೀರು ಬಂತು. ಕೈಯಲ್ಲಿದ್ದ ಕೋಲನ್ನು ಅವನ ತಲೆಗೆ ಗುರಿಯಿಡಬೇಕು ಅನ್ನುವಷ್ಟರಲ್ಲಿ ನನ್ನ ಕಣ್ಣು ಭಾವನ ಕಡೆ ಹೋಯಿತು.

ಭಾವನ ಗಂಟಲಗಂಟು ಮೇಲೆ ಹೋಗಿ ಕೆಳಗೆ ಬಂತು. ಅವನು ನುಂಗಿದ! ಅಯ್ಯೋ ದೇವರೇ, ನುಂಗುವುದಕ್ಕೆ ಅವನ ಬಾಯಲ್ಲಿ ಏನೋ ಇದೆ!

ಅವನು ಸೀವಾಳಿಯನ್ನು ನಾಲಿಗೆಯ ಮೇಲೆ ಹೊರಳಿಸಿ ಮತ್ತೆ ಊದಿದ. ಬಂತು ನೋಡಿ ಸ್ವರ. ಒಡಕಿಲ್ಲ, ಗಾಳಿಯಿಲ್ಲ, ದುಂಡಗೆ ತುಂಬಿಕೊಂಡು ಬಂತು. ಎದುರಿಗೆ ಕಟುಕ್ ಅಂದಂತೆಲ್ಲ ಇಲ್ಲಿ ಕಲ್ಯಾಣಿ ಬಿಚ್ಚಿಕೊಂಡಿತು. ಕಂಬಕ್ಕೆ ಒರಗಿದ್ದ ಅಪ್ಪ ನೆಟ್ಟಗೆ ಕೂತರು. ಉಳಿದವರ ಬಾಯಿ ಕೆಡಿಸುವಷ್ಟು ನೀರು ನಮ್ಮ ಭಾವನ ಬಾಯಿಗೆ ಹದವಾಗಿ ಸಾಕಾಗಿತ್ತು. ಕೆಡಿಸಲು ಬಂದ ಪುಣ್ಯಾತ್ಮನೇ ಕಾಪಾಡುತ್ತಿದ್ದ, ಅದು ಅವನಿಗೆ ಗೊತ್ತಿರಲಿಲ್ಲ.

ಕಲಿಯಪೆರುಮಾಳನ ಮುಖ ಸಣ್ಣಗಾಯಿತು. ಇನ್ನೊಂದು ಹೋಳು ತಿಂದ, ಇನ್ನೂ ಜೋರಾಗಿ ಲೊಚಗುಟ್ಟಿದ. ಭಾವನ ಕಣ್ಣು ಅವನ ಬಾಯಿಯ ಮೇಲೇ ನೆಟ್ಟಿತ್ತು. ನನಗೆ ಒಳಗೊಳಗೇ ನಗು. ತಿನ್ನು ಮಗನೇ ತಿನ್ನು, ಮುಹೂರ್ತದ ತನಕ ತಿನ್ನು ಎಂದು ತವಿಲಿನಲ್ಲೇ ಹೇಳಿದೆ.

ಆದರೆ ಒಳ್ಳೆಯ ಜನ ಇರುತ್ತಾರಲ್ಲ, ಅವರಿಂದಲೇ ಕೆಲಸ ಕೆಡುವುದು. ಹೆಣ್ಣಿನ ಅಣ್ಣನ ಕಣ್ಣಿಗೆ ಇದು ಬಿತ್ತು. ಅವನು ದುಮುಗುಟ್ಟುತ್ತ ಬಂದು ಎಲೆಯನ್ನು ಕಿತ್ತುಕೊಂಡ.

"ಏನ್ರೀ ಇದು? ನಮ್ಮ ಮನೆ ಮೇಳದವರ ಮುಂದೆ ಹುಳಿ ತಿಂತೀರಾ? ನಾಚಿಕೆ ಆಗಲ್ವಾ ನಿಮಗೆ?"

"ಏಯ್, ಯಾರ ಕೈಯಿಂದ ಕಿತ್ಕೋತಿದ್ದೀಯಾ ಗೊತ್ತಾ? ಗಂಡಿನ ಸೋದರಮಾವ ನಾನು!"

ಎರಡೂ ಕಡೆಯವರು ಎದ್ದು ನಿಂತರು. ಒಂದು ಕಡೆ ಕೂಗಾಟ, ಇನ್ನೊಂದು ಕಡೆ ಮದುವೆ ಮಾಡಿಸುವ ಅಯ್ಯರ್ ತಾಳಿಯ ತಟ್ಟೆಯನ್ನು ಹಿರಿಯರಿಂದ ಮುಟ್ಟಿಸಲು ಸಭೆಯೊಳಗೆ ಕಳಿಸಿಯಾಗಿತ್ತು. ಅದು ಹಿಂತಿರುಗಿದರೆ ಗಟ್ಟಿಮೇಳ. ಭಾವನನ್ನು ನೋಡಿದೆ. ಅವನ ಕಣ್ಣು ಆ ಎಲೆಯ ಹಿಂದೆಯೇ ಹೋಗುತ್ತಿತ್ತು. ಸ್ವರ ತೆಳ್ಳಗಾಗತೊಡಗಿತ್ತು. ತುಟಿ ಮತ್ತೆ ಅದುರುತ್ತಿತ್ತು.

ನಾನು ತವಿಲು ಕೊರಳಲ್ಲಿ ಇದ್ದಂತೆಯೇ ಎದ್ದು ನಿಂತೆ. "ಕೊಡ್ರೀ ಅವರಿಗೆ ಆ ಮಾವಿನಕಾಯಿ!"

ಹೆಣ್ಣಿನ ಅಣ್ಣ ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದ. "ರತ್ತಿನಂ ಅಣ್ಣಾ, ನಿಮಗೋಸ್ಕರಾನೇ ತಾನೇ ನಾನು..."

"ನಮಗೋಸ್ಕರ ಯಾರೂ ಏನೂ ಮಾಡ್ಬೇಡಿ! ಗಂಡಿನ ಸೋದರಮಾವ ಅಂದ್ರೆ ಸಾಮಾನ್ಯಾನಾ? ಏನು ತಿಂತಾರೋ ತಿನ್ನಲಿ. ಮರ್ಯಾದೆಯಾಗಿ ಕೈಗೆ ಕೊಡಿ."

ಎಲೆ ವಾಪಸು ಹೋಯಿತು. ಆದರೆ ಆ ಕಲಿಯಪೆರುಮಾಳ್ ಇದ್ದಾನಲ್ಲ, ಹುಟ್ಟಾ ತರಲೆ. ನಾನು ತಿನ್ನು ಅಂದೆ ಅನ್ನುವುದಕ್ಕೇ ಅವನಿಗೆ ಬೇಡವಾಯಿತು. ಎಲೆಯನ್ನು ಮಡಚಿ ಕುರ್ಚಿಯ ಕೆಳಗಿಟ್ಟು ಕೈ ಒರೆಸಿಕೊಂಡ. "ನೀನು ಹೇಳಿದ್ರೆ ತಿನ್ಬೇಕಾ? ನಂಗೆ ಬೇಡ, ಹೋಗು."

ತಟ್ಟೆ ಆಗಲೇ ಕೊನೆಯ ಸಾಲಿನಿಂದ ತಿರುಗಿತ್ತು. ನನ್ನ ಜೀವ ಬಾಯಿಗೆ ಬಂತು. ಕಾಲಿಗೆ ಬೀಳಲೇ ಅನ್ನಿಸಿತು. ಬಿದ್ದರೆ ಖಂಡಿತ ತಿನ್ನುವುದಿಲ್ಲ, ಇಂಥವರನ್ನು ನಾನು ಕಂಡಿದ್ದೇನೆ. ನನಗೆ ದೇವರು ಕೊಟ್ಟಿರುವುದು ಒಂದು ಕೆಟ್ಟ ನಾಲಿಗೆ. ಅದನ್ನೇ ಹೊರಗೆ ತೆಗೆದೆ.

"ಅದೇ ವಾಸಿ ಬಿಡಿ ಮಾವ, ನಿಮ್ಮ ಕೈಲಿ ಆಗಲ್ಲ. ನಮ್ಮ ಭಾವನ ಬಾಯಿ ಕೆಡಿಸೋ ಹುಳಿ ಯಾವ ಮರದಲ್ಲೂ ಇನ್ನೂ ಬಿಟ್ಟಿಲ್ಲ. ನಿಮ್ಮ ಕುಂಭಕೋಣದವರು ಹುಳಿ ಹಚ್ಚಿ ಪಾತ್ರೆ ತಿಕ್ಕೋಕೆ ಸರಿ, ತಿನ್ನೋಕಲ್ಲ!"

ಗಂಡಿನ ಕಡೆಯವರೇ ಬಿದ್ದು ಬಿದ್ದು ನಕ್ಕರು. ಕಲಿಯಪೆರುಮಾಳನ ಮುಖ ಕೆಂಪು ಮೆಣಸಿನಕಾಯಿಯಾಯಿತು. "ಏನಂದೆ? ಏನಂದೆ?" ಎಂದು ಬಗ್ಗಿ ಎಲೆ ಎತ್ತಿಕೊಂಡು, ಇದ್ದಬದ್ದ ಹೋಳನ್ನೆಲ್ಲ ಒಟ್ಟಿಗೇ ಬಾಯಿಗೆ ತುಂಬಿಕೊಂಡು ಭಾವನ ಮುಖಕ್ಕೆ ಮುಖ ಕೊಟ್ಟು ಕಟಕಟ ಅಗಿದ. ಹುಳಿಗೆ ಅವನ ಒಂದು ಕಣ್ಣು ಮುಚ್ಚಿತು, ಕಿವಿ ಅಲ್ಲಾಡಿತು, ಗಲ್ಲದಿಂದ ರಸ ಇಳಿಯಿತು. ಅಷ್ಟು ಚಂದದ ದೃಶ್ಯವನ್ನು ನಾನು ಜನ್ಮದಲ್ಲಿ ನೋಡಿಲ್ಲ.

"ಗಟ್ಟಿಮೇಳ! ಗಟ್ಟಿಮೇಳ!" ಅಯ್ಯರ್ ಕೈ ಎತ್ತಿದರು.

ಭಾವ ಊದಿದ. ಛತ್ರದ ತಗಡಿನ ಮಾಡು ಝಲ್ ಅಂದಿತು. ನಾನು ಬಾರಿಸಿದೆ ನೋಡಿ, ನನಗೇ ಗೊತ್ತಿಲ್ಲ ಏನು ಬಾರಿಸಿದೆ ಎಂದು. ಕಣ್ಣಿನಿಂದ ಧಾರಾಕಾರ ನೀರು. ಒರೆಸಿಕೊಳ್ಳಲು ಕೈ ಬಿಡುವಿಲ್ಲ. ಕೊರಳಿಗೆ ತಾಳಿ ಬಿತ್ತು, ಅಕ್ಷತೆ ಬಿತ್ತು, ಯಾವ ಸೀನೂ ಯಾವ ಅಳುವೂ ಯಾರ ಕಿವಿಗೂ ಬೀಳಲಿಲ್ಲ. ನಾನು ಅಳುತ್ತಿದ್ದದ್ದೂ ಬೀಳಲಿಲ್ಲ. ಹೋದ ಜೀವ ಬಂತು ಅನ್ನುತ್ತಾರಲ್ಲ, ಅದು ಹೇಗಿರುತ್ತದೆ ಎಂದು ಅವತ್ತು ಗೊತ್ತಾಯಿತು. ಅಪ್ಪ ಹಲ್ಲಿಲ್ಲದ ಬಾಯಿ ತೆರೆದು ಮಗುವಿನ ಹಾಗೆ ನಗುತ್ತಿದ್ದರು.

ಊಟದ ಹೊತ್ತಿಗೆ ಕಲಿಯಪೆರುಮಾಳ್ ಹಲ್ಲೆಲ್ಲ ಚಳಿತುಹೋಗಿ ಹಪ್ಪಳ ಮುರಿಯಲೂ ಆಗದೆ ಬರೀ ಮೊಸರನ್ನ ಕಲಸಿಕೊಂಡು ಕೂತಿದ್ದ. ನಾನು ಬೇಡ ಬೇಡ ಅಂದರೂ ಭಾವ ಅವನ ಎದುರು ಹೋಗಿ ಕೈ ಮುಗಿದ. ನಡೆದದ್ದನ್ನೆಲ್ಲ ಹೇಳಿಬಿಟ್ಟ. ಬಾಯಿ ಒಣಗುವುದು, ತಿರುಪ್ಪೂರು, ಎಲ್ಲ. "ನೀವು ಇಲ್ದಿದ್ರೆ ಇವತ್ತು ನನ್ನ ಕತೆ ಮುಗೀತಿತ್ತು ಯಜಮಾನ್ರೇ. ದೇವರು ಬಂದ ಹಾಗೆ ಬಂದ್ರಿ."

ಕಲಿಯಪೆರುಮಾಳ್ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದ. ಭಾವನನ್ನು ನೋಡಿದ, ನನ್ನನ್ನು ನೋಡಿದ. ಈಗ ಇನ್ನೊಂದು ಜಗಳ ಎಂದು ನಾನು ಪಂಚೆ ಎತ್ತಿ ಕಟ್ಟಿದೆ. ಅವನು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಹಲ್ಲು ಜುಮ್ಮೆಂದು ಕೆನ್ನೆ ಒತ್ತಿಕೊಳ್ಳುತ್ತ ನಕ್ಕ. "ಇದನ್ನ ಕುಂಭಕೋಣದಲ್ಲಿ ಯಾರಿಗೂ ಹೇಳ್ಬೇಡ ಮಾರಾಯ, ನನ್ನ ಮಾನ ಹೋಗತ್ತೆ. ತೈ ತಿಂಗಳಲ್ಲಿ ನನ್ನ ಕಿರಿಮಗಳ ಮದುವೆ, ನೀನೇ ಊದಬೇಕು. ಆ ಮುಂದಿನ ಕುರ್ಚಿ ಮಾತ್ರ ಯಾರಿಗೂ ಕೊಡಲ್ಲ. ತೈಯಲ್ಲಿ ಮಾವಿನಕಾಯಿ ಸಿಗದಿದ್ರೆ ನಿಂಬೆಹಣ್ಣು ಆಗತ್ತೆ ತಾನೇ?"

ಅದಾದ ಮೇಲೆ ಆ ಕೆಲಸ ನಮ್ಮ ಅಕ್ಕನ ಪಾಲಿಗೆ ಬಂತು. ಹೋದಲ್ಲೆಲ್ಲ ಕಲಿಯಪೆರುಮಾಳನನ್ನು ಹೊತ್ತುಕೊಂಡು ಹೋಗಲಾಗುತ್ತದೆಯೇ? ಅಕ್ಕ ಮೊದಲು ಕೂಗಾಡಿದಳು. "ಈ ವಯಸ್ಸಲ್ಲಿ ಮುಂದಿನ ಸಾಲಲ್ಲಿ ಕೂತು ಮಾವಿನಕಾಯಿ ತಿಂತಾಳೆ ಅಂದ್ರೆ ಜನ ಏನಂದ್ಕೋತಾರೋ ಮೂದೇವಿ?" ಜನ ಅದನ್ನೇ ಅಂದುಕೊಂಡರು. ಯಾವ ಮದುವೆಗೆ ಹೋದರೂ ಹೆಂಗಸರು ಬಂದು ಕಿವಿಯಲ್ಲಿ ಎಷ್ಟನೇ ತಿಂಗಳು ಎಂದು ಕೇಳುವವರೇ. ಮದುವೆಯಾಗಿ ಹೋಗಿದ್ದ ಅವಳ ಮಗಳ ಅತ್ತೆ ಹೂವು ಹಣ್ಣು ತೆಗೆದುಕೊಂಡು ಮನೆಗೇ ಬಂದುಬಿಟ್ಟಳು. ಅಕ್ಕ ಗಂಡನನ್ನು ಬೈದಳು, ನನ್ನನ್ನು ಬೈದಳು, ಮುಂದಿನ ಮುಹೂರ್ತಕ್ಕೆ ಮತ್ತೆ ಉಪ್ಪು ಖಾರ ಕಟ್ಟಿಕೊಂಡು ಹೊರಟಳು.

ಕೆಲವು ವರ್ಷದ ಮೇಲೆ ಅವಳು ಬರಬೇಕಾದ ಅಗತ್ಯವೂ ಉಳಿಯಲಿಲ್ಲ. ಭಾವ ಕಣ್ಣು ಮುಚ್ಚಿ ಕಲಿಯಪೆರುಮಾಳನ ಮುಖವನ್ನು ನೆನೆದುಕೊಂಡರೆ ಸಾಕು, ಬಾಯಿ ಒದ್ದೆ. ಭಯ ಹೋಯಿತೇ ಎಂದು ಒಮ್ಮೆ ಕೇಳಿದೆ.

"ಎಲ್ಲಿ ಹೋಗತ್ತೆ ಮಚ್ಚಾನ್? ಇವತ್ತೂ ಬಂದಿತ್ತು. ಮೊದಲೆಲ್ಲ ಓಡಿಸೋಕೆ ನೋಡ್ತಿದ್ದೆ. ಈಗ ಬಾರಪ್ಪಾ ಅಂತ ಅದಕ್ಕೂ ಒಂದು ಮಣೆ ಹಾಕ್ತೀನಿ. ಅದರ ಪಾಡಿಗೆ ಅದು ಕೂತಿರತ್ತೆ, ನಾನು ಊದ್ತೀನಿ."

ಈಗ ಭಾವನಿಗೆ ತಲೆ ಪೂರ್ತಿ ಬೆಳ್ಳಗಾಗಿದೆ. ಹೋದಲ್ಲಿ ಶಾಲು ಹೊದಿಸಿ ಮುಂದೆ ಕೂರಿಸುತ್ತಾರೆ. ಈಚೆಗೆ ನಂಟರ ಮದುವೆಯೊಂದಕ್ಕೆ ಇಬ್ಬರೂ ಹೋಗಿದ್ದೆವು, ವಾದ್ಯವಿಲ್ಲದೆ, ಬರೀ ಉಣ್ಣುವುದಕ್ಕೆ. ಅಲ್ಲಿ ಊದುತ್ತಿದ್ದವಳು ಒಬ್ಬ ಎಳೆಯ ಹೆಣ್ಣುಮಗಳು. ಅವಳು ಮುಂದಾಳಾಗಿ ಕೂತದ್ದು ಅದೇ ಮೊದಲಂತೆ. ಅವಳ ಅಪ್ಪ ಪಕ್ಕದಲ್ಲಿ ತಾಳ ಹಾಕುತ್ತಿದ್ದ. ಹೆಣ್ಣು ಗಟ್ಟಿಮೇಳ ಊದುತ್ತದಾ ನೋಡೋಣ ಎಂದು ಕೆಲವರು ಕಾದು ಕೂತಿದ್ದರು. ಅವಳು ಪದೇ ಪದೇ ನಾಲಿಗೆಯಿಂದ ತುಟಿ ಸವರಿಕೊಳ್ಳುವುದನ್ನು ನಾನೂ ನೋಡಿದೆ. ಸ್ವರದ ತುದಿಯಲ್ಲಿ ಗಾಳಿ ಕೇಳಿಸುತ್ತಿತ್ತು.

ಭಾವ ಎದ್ದು ಅಡುಗೆಯ ಕಡೆ ಹೋದ. ವಾಪಸು ಬಂದವನು ಶಾಲನ್ನು ಹೆಗಲಿಗೆ ಹಾಕಿಕೊಂಡು, ಹುಡುಗಿಯ ಎದುರಿಗೇ ಕೂತು, ಇಡೀ ಒಂದು ಹುಣಸೇಕಾಯಿಯನ್ನು ಲೊಚಲೊಚ ಎಂದು ಚೀಪತೊಡಗಿದ.

ಸಭೆಯಲ್ಲಿ ಗುಸುಗುಸು ಎದ್ದಿತು. "ಥೂ, ಇಷ್ಟು ದೊಡ್ಡ ವಿದ್ವಾಂಸ, ಒಂದು ಮಗು ಮೇಲೆ ಹೊಟ್ಟೆಕಿಚ್ಚಾ?" ಎಂದು ನನ್ನ ಹಿಂದೆಯೇ ಯಾರೋ ಅಂದರು. ಹುಡುಗಿಯ ಅಪ್ಪ ತಾಳ ನಿಲ್ಲಿಸದೆಯೇ, "ಅಯ್ಯಾ, ನಿಮ್ಮ ವಯಸ್ಸಿಗೆ ಇದು ಒಪ್ಪತ್ತಾ?" ಎಂದು ಹಲ್ಲು ಕಡಿದ. ಭಾವ ತಲೆ ಎತ್ತಲಿಲ್ಲ. ಇನ್ನೂ ಜೋರಾಗಿ ಚೀಪಿದ. ಮುಖ ಹಿಂಡಿಕೊಂಡು ಕಣ್ಣಲ್ಲಿ ನೀರು ಬಂದಿತ್ತು.

ಹುಡುಗಿ ನುಂಗಿದಳು. ಆಮೇಲೆ ಬಂದ ಸ್ವರಕ್ಕೆ ಗುಸುಗುಸು ತಾನಾಗಿ ನಿಂತಿತು. ಗಟ್ಟಿಮೇಳ ಎದ್ದಾಗ ನನ್ನ ಮೈ ಝುಂ ಅಂದಿತು. ಎಂಥ ಉಸಿರು ಆ ಮಗುವಿನದು!

ಹೊರಗೆ ಬರುವಾಗ ನಮಗೆ ಯಾರೂ ತಾಂಬೂಲ ಕೊಡಲಿಲ್ಲ. ಬರುವಾಗ ಕೈ ಮುಗಿದವರೇ ಮುಖ ತಿರುಗಿಸಿಕೊಂಡರು. ನನಗೆ ತಡೆಯಲಾಗಲಿಲ್ಲ. "ಇರು ಭಾವ, ಒಳಗೆ ಹೋಗಿ ನಾಲ್ಕು ಜನಕ್ಕೆ ನಿಜ ಹೇಳಿ ಬರ್ತೀನಿ" ಎಂದು ತಿರುಗಿದೆ.

ಭಾವ ನನ್ನ ರಟ್ಟೆ ಹಿಡಿದುಕೊಂಡ. "ಬೇಡ ಮಚ್ಚಾನ್. ಸಿಂಗಾರವೇಲುಗೆ ಹೊಟ್ಟೆಕಿಚ್ಚು ಅಂದ್ರೆ ನನಗೆ ಮುಂದಿನ ಮುಹೂರ್ತ ತಪ್ಪಲ್ಲ. ಹುಡುಗಿ ಹೆದರಿದ್ಲು ಅಂದ್ರೆ ಅವಳಿಗೆ ತಪ್ಪತ್ತೆ."

ಅದಕ್ಕೇ ಆ ಹುಡುಗಿಯ ಹೆಸರನ್ನಾಗಲಿ ಆ ಊರಿನ ಹೆಸರನ್ನಾಗಲಿ ನಾನು ಇಲ್ಲಿ ಹೇಳಿಲ್ಲ. ಆ ಊರಲ್ಲಿ ಇವತ್ತಿಗೂ ನಮ್ಮ ಭಾವ ಅಂದರೆ ಹೊಟ್ಟೆಕಿಚ್ಚಿನ ಮುದುಕ. ನನಗೆ ಉರಿಯುತ್ತದೆ, ಅವನು ನಗುತ್ತಾನೆ. ಅವತ್ತು ಬಸ್ಸು ಬಂದು ನಿಂತಾಗ ಛತ್ರದೊಳಗೆ ಹುಡುಗಿ ತೋಡಿ ರಾಗ ಎತ್ತಿಕೊಂಡಿದ್ದಳು. ಭಾವ ಬಸ್ಸು ಹತ್ತಲಿಲ್ಲ. ಛತ್ರದ ಹಿಂದಿನ ಗೋಡೆಯ ಪಕ್ಕ, ಎಂಜಲೆಲೆ ಎಸೆಯುವ ಜಾಗದಲ್ಲಿ, ಮೂಗಿಗೆ ಶಾಲು ಹಿಡಿದುಕೊಂಡು ನಿಂತು ಪೂರ್ತಿ ಕೇಳಿದ.